ಸ್ವಾಧೀನ ತಪ್ಪಿದ ಕಾಲು, ವಯಸ್ಸಾದ ನಾಯಿ: ಬೂಟು, ಪಟ್ಟಿ, ಗಾಲಿಬಂಡಿ, ಆಪರೇಷನ್ – ಯಾವುದು ಯಾರಿಗೆ?

ಗಾಡಿ ಗುದ್ದಿ ಒಂದು ಕಾಲು ಸ್ವಾಧೀನ ತಪ್ಪಿದ ನಾಯಿಗೆ ಒಂಬತ್ತು ಹತ್ತು ವರ್ಷ ಆಗಿದ್ದರೆ, ಮನೆಯವರ ಕಿವಿಗೆ ಎರಡು ಮಾತು ತಪ್ಪದೆ ಬೀಳುತ್ತವೆ. "ಕಾಲು ತೆಗೆಸಿಬಿಡಿ, ಇಲ್ಲಾಂದ್ರೆ ಹುಳ ಬೀಳುತ್ತೆ" ಅನ್ನುವವರು ಕೆಲವರು. "ಈ ವಯಸ್ಸಿನಲ್ಲಿ ಅದಕ್ಕೆ ಆಪರೇಷನ್ ಯಾಕೆ, ಇರೋಷ್ಟು ದಿನ ಇರಲಿ" ಅನ್ನುವವರು ಇನ್ನು ಕೆಲವರು. ಎರಡೂ ಮಾತು ನಾಯಿಯನ್ನು ಮುಟ್ಟಿ ನೋಡದೆ ಆಡುವಂಥವು. ಕೆಟ್ಟಿರುವ ಕಾಲನ್ನಷ್ಟೇ ನೋಡಿದರೆ ಅಥವಾ ವಯಸ್ಸನ್ನಷ್ಟೇ ಲೆಕ್ಕ ಹಾಕಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಉಳಿದ ಮೂರು ಕಾಲು ಹೇಗಿವೆ, ನಾಯಿಯ ತೂಕ ಎಷ್ಟು, ಕೆಟ್ಟ ಕಾಲಿನ ಬೆರಳಲ್ಲಿ ನೋವು ತಿಳಿಯುತ್ತದೆಯೇ ಇಲ್ಲವೇ ಎಂಬ ಮೂರು ಸಂಗತಿಗಳ ಮೇಲೆ ಎಲ್ಲ ನಿಂತಿದೆ.

ಮೈಸೂರು, ಮಂಡ್ಯದ ಕಡೆ ಇರುವವರಿಗೆ ಇದಕ್ಕೆ ನಾಲ್ಕು ದಾರಿ ಇವೆ: ಆನ್‌ಲೈನಲ್ಲಿ ತರಿಸುವ ಅಥವಾ ಇಲ್ಲೇ ಹೊಲಿಸುವ ಬೂಟು, ಪಾದ ಮಡಚದಂತೆ ಹಿಡಿಯುವ ಪಟ್ಟಿ, ಗಾಲಿಬಂಡಿ, ಕೊನೆಗೆ ಕಾಲು ತೆಗೆಸುವ ಆಪರೇಷನ್. ಈ ವಿಮರ್ಶೆ ಆ ನಾಲ್ಕರದ್ದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಪ್ಪತ್ತು ಕೆ.ಜಿ. ಆಸುಪಾಸಿನ, ಮೈ ಹಗುರವಾಗಿರುವ, ಉಳಿದ ಮೂರು ಕಾಲು ಗಟ್ಟಿಯಿರುವ ನಾಟಿ ನಾಯಿಯ ಮುಂಗಾಲಿನಲ್ಲಿ ನೋವೇ ತಿಳಿಯುತ್ತಿಲ್ಲ, ಪಾದ ಉಜ್ಜಿ ಹುಣ್ಣಾಗಿದೆ ಎಂದರೆ, ಹತ್ತು ವರ್ಷವಾಗಿದ್ದರೂ ಆಪರೇಷನ್ನೇ ಸರಿ. ಮೂವತ್ತೈದು ನಲವತ್ತು ಕೆ.ಜಿ. ತೂಗುವ, ಸೊಂಟದ ಕೀಲು ಸವೆದ ಲ್ಯಾಬ್ರಡಾರಿಗೆ ಅದೇ ಆಪರೇಷನ್ ಮಾಡಿಸಿದರೆ ನಾಯಿ ಮೇಲೇಳುವುದೇ ಕಷ್ಟವಾದೀತು. ಅಂಥದಕ್ಕೆ ಮೊದಲು ತೂಕ ಇಳಿಸಬೇಕು, ಅಲ್ಲಿಯವರೆಗೆ ಬೂಟು, ಪಟ್ಟಿ, ಆರೈಕೆ.

ದುಡ್ಡು ಖರ್ಚು ಮಾಡುವ ಮೊದಲು

ಕಾಲು ಯಾಕೆ ಬಿದ್ದಿದೆ ಎಂದು ತಿಳಿಯದೆ ಬೂಟೂ ಬೇಡ, ಆಪರೇಷನ್ನೂ ಬೇಡ. ಬೈಕು ಕಾರು ಗುದ್ದಿ ಮುಂಗಾಲು ಎಳೆದುಹೋದಾಗ ಕಂಕುಳಲ್ಲಿರುವ ನರಗಳ ಜಾಲ ಬೆನ್ನುಹುರಿಯ ಬುಡದಿಂದಲೇ ಕಿತ್ತು ಬರಬಹುದು. ಕತ್ತಿನ ಕೊನೆಯ ಭಾಗ ಮತ್ತು ಎದೆಯ ಮೊದಲ ಭಾಗದಿಂದ ಹೊರಡುವ ಈ ನರಗಳೇ ಇಡೀ ಮುಂಗಾಲನ್ನು ನಡೆಸುವುದು. ಬುಡದಿಂದ ಕಿತ್ತ ನರ ಮತ್ತೆ ಕೂಡುವುದಿಲ್ಲ. ಜಜ್ಜಿ ಮಂಕಾಗಿರುವ ನರವಾದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮೊದಲ ದಿನ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದ್ದರಿಂದ ಮೊದಲ ವಾರದಲ್ಲೇ ಕಾಲು ತೆಗೆಸಲು ಒಪ್ಪಬಾರದು. ಮೂಳೆ ಪುಡಿಯಾಗಿ, ಮಾಂಸ ಸತ್ತು, ಸೋಂಕು ಮೈಗೇರುತ್ತಿದ್ದರೆ ಮಾತ್ರ ಬೇರೆ ಮಾತು.

ವ್ಯತ್ಯಾಸ ಕಂಡುಹಿಡಿಯಲು ಡಾಕ್ಟರು ಮಾಡುವ ಪರೀಕ್ಷೆಗಳು ಸರಳ, ಯಂತ್ರವೇನೂ ಬೇಡ. ಕಾಲಿನ ಒಂದೊಂದು ಬೆರಳಿನ ಮೂಳೆಯನ್ನೂ ಫೋರ್ಸೆಪ್ಸ್‌ನಿಂದ ಗಟ್ಟಿಯಾಗಿ ಒತ್ತುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಾಯಿ ಕಾಲನ್ನು ಹಿಂದಕ್ಕೆ ಎಳೆದುಕೊಂಡರಷ್ಟೇ ಸಾಲದು, ಮಿದುಳಿಗೆ ಸುದ್ದಿ ಮುಟ್ಟದಿದ್ದರೂ ಕಾಲು ತಾನಾಗಿ ಎಳೆದುಕೊಳ್ಳಬಹುದು. ಅದು ತಿರುಗಿ ನೋಡಬೇಕು, ಕುಂಯ್ ಅನ್ನಬೇಕು, ಕಚ್ಚಲು ಬರಬೇಕು. ಹಾಗಾದರೆ ಮಾತ್ರ ನೋವು ತಿಳಿದಿದೆ ಎಂದರ್ಥ. ಎರಡನೆಯದು ಕಣ್ಣು: ಕೆಟ್ಟ ಕಾಲಿನ ಪಕ್ಕದ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿ, ರೆಪ್ಪೆ ಜೋತು, ಒಳಮೂಲೆಯ ಮೂರನೇ ರೆಪ್ಪೆ ಮೇಲೆ ಬಂದಿದ್ದರೆ ನರ ಬುಡದ ಹತ್ತಿರವೇ ಕಿತ್ತಿರುವ ಸಂಭವ ಹೆಚ್ಚು. ಮೂರನೆಯದು ಬೆನ್ನಿನ ಚರ್ಮ: ಅಲ್ಲಲ್ಲಿ ಚಿವುಟಿದರೆ ಎರಡೂ ಪಕ್ಕದ ಚರ್ಮ ಅದುರಬೇಕು, ಕೆಟ್ಟ ಕಾಲಿನ ಪಕ್ಕ ಮಾತ್ರ ಅದುರದೆ ಹೋದರೆ ಅದೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ಈ ಮೂರನ್ನೂ ಮಾಡಿ, ಫಲಿತಾಂಶವನ್ನು ಚೀಟಿಯಲ್ಲಿ ಬರೆದು, ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮಾಡಿ ಹೋಲಿಸುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

ಎಷ್ಟು ದಿನ ಕಾಯಬೇಕು? ಹುಣ್ಣಿಲ್ಲ, ನಾಯಿ ಕಾಲನ್ನು ಕಡಿದುಕೊಳ್ಳುತ್ತಿಲ್ಲ, ಬೆರಳಲ್ಲಿ ಸ್ವಲ್ಪವಾದರೂ ನೋವು ತಿಳಿಯುತ್ತಿದೆ ಎಂದರೆ ನಾಲ್ಕರಿಂದ ಆರು ತಿಂಗಳು ಕಾಯಬಹುದು. ತುಂಡಾದ ನರ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ. ದೊಡ್ಡ ನಾಯಿಯ ಹೆಗಲಿನಿಂದ ಬೆರಳ ತುದಿಗೆ ಅರ್ಧ ಮೀಟರಿಗೆ ಹತ್ತಿರ. ಅಷ್ಟು ದೂರ ನರ ಬರುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿರುತ್ತದೆ, ಸ್ನಾಯು ನಾರಾಗಿ ಕೀಲು ಸೆಟೆದುಕೊಂಡಿರುತ್ತದೆ. ಹಾಗಾಗಿ ಎಲ್ಲ ಬೆರಳಲ್ಲೂ ನೋವು ಸತ್ತಿದೆ, ಕಣ್ಣಿನ ಲಕ್ಷಣವೂ ಇದೆ, ಎರಡು ತಿಂಗಳಲ್ಲಿ ಎಳ್ಳಷ್ಟೂ ಬದಲಾಗಿಲ್ಲ ಎಂದರೆ ಇನ್ನೂ ಕಾಯುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ.

ಹಿಂಗಾಲಿನ ಕಥೆ ಬೇರೆ. ತೊಡೆಯ ಹಿಂಭಾಗಕ್ಕೆ ಚುಚ್ಚಿದ ಇಂಜೆಕ್ಷನ್ ನರಕ್ಕೆ ತಗುಲಿಯೂ ಹಿಂಗಾಲು ಬೀಳುತ್ತದೆ. ಆಗ ಮೊಣಕಾಲು ನೆಟ್ಟಗೆ ನಿಲ್ಲುತ್ತದೆ, ಭಾರವನ್ನೂ ಹೊರುತ್ತದೆ, ಪಾದ ಮಾತ್ರ ಮಡಚಿ ಊರುತ್ತದೆ. ಇಂಥ ಕಾಲನ್ನು ತೆಗೆಸಲು ಹೋಗಬೇಡಿ, ಪಟ್ಟಿಯಲ್ಲೇ ಚೆನ್ನಾಗಿ ನಡೆದೀತು. ಆಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕುಸಿದು, ಮಾರನೇ ದಿನದಿಂದ ನೋವೇನೂ ಇಲ್ಲದೆ ಕಾಲು ಮಾತ್ರ ಬಿದ್ದಿದ್ದರೆ ಬೆನ್ನುಹುರಿಯ ರಕ್ತನಾಳ ಕಟ್ಟಿಕೊಂಡಿರಬಹುದು. ಅದು ಎರಡು ಮೂರು ವಾರದಲ್ಲಿ ಸುಧಾರಿಸತೊಡಗುತ್ತದೆ. ಎರಡೂ ಹಿಂಗಾಲು ಒಟ್ಟಿಗೆ ಸೋತಿದ್ದರೆ ದೋಷ ಸಾಮಾನ್ಯವಾಗಿ ಬೆನ್ನಿನಲ್ಲಿರುತ್ತದೆ, ಅಲ್ಲಿ ಕಾಲು ತೆಗೆಸುವ ಪ್ರಶ್ನೆಯೇ ಇಲ್ಲ.

ವಯಸ್ಸಾದ ನಾಯಿಯಲ್ಲಿ ಪೆಟ್ಟೇ ಬೀಳದೆ, ತಿಂಗಳುಗಟ್ಟಲೆ ಕುಂಟಿ ಕುಂಟಿ ಕಾಲು ಸೊರಗುತ್ತ ಬಂದು, ಕಂಕುಳಿಗೆ ಕೈ ಹಾಕಿದರೆ ಕಿರುಚುವಂತಿದ್ದರೆ ನರದ ಗಡ್ಡೆಯ ಶಂಕೆ ಮೊದಲು ಬರಬೇಕು. ಹಾಗಿದ್ದಾಗ ಎದೆಯ ಎಕ್ಸ್‌ರೇ ಮೂರು ಭಂಗಿಯಲ್ಲಿ ತೆಗೆಸಿ, ಶ್ವಾಸಕೋಶಕ್ಕೆ ಹರಡಿದೆಯೇ ನೋಡದೆ ಕತ್ತಿ ಹಿಡಿಯಬಾರದು. ಇನ್ನೊಂದು ಎಚ್ಚರಿಕೆ: ಕಾರಣ ತಿಳಿಯದ ಲಕ್ವದ ಜೊತೆ ದವಡೆ ಜೋತು, ಜೊಲ್ಲು ಸುರಿದು, ಬೊಗಳುವ ದನಿ ಬದಲಾಗಿದ್ದರೆ ಅದು ಹುಚ್ಚುನಾಯಿ ರೋಗವಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಲಸಿಕೆಗೆ ಹೋಗಿ.

ಬೂಟು: 5ಕ್ಕೆ 3

ಆನ್‌ಲೈನ್ ಅಂಗಡಿಗಳಲ್ಲಿ ನಾಲ್ಕರ ಸೆಟ್ಟಾಗಿ ಬರುವ ಬೂಟುಗಳು ಆರೋಗ್ಯವಂತ ನಾಯಿಗೆ ಮಾಡಿದವು. ಅಡಿಗೆ ದಪ್ಪ ರಬ್ಬರ್ ಸೋಲ್, ಮೇಲೆ ತೆಳು ಬಟ್ಟೆ. ಸ್ವಾಧೀನ ತಪ್ಪಿದ ಕಾಲು ಊರುವುದು ಅಡಿಯಿಂದಲ್ಲ, ಬೆರಳುಗಳ ಮೇಲ್ಭಾಗದಿಂದ. ಕಾಂಕ್ರೀಟ್ ರಸ್ತೆಯ ಮೇಲೆ ಓಡಾಡಿದರೆ ಆ ತೆಳು ಬಟ್ಟೆ ಕೆಲವೇ ದಿನದಲ್ಲಿ ಸವೆದು ತೂತಾಗುತ್ತದೆ, ಸೋಲ್ ಮಾತ್ರ ಹೊಸದರಂತೆ ಉಳಿದಿರುತ್ತದೆ. ಕೊಳ್ಳುವುದಾದರೆ ಬೆರಳ ಮುಂಭಾಗಕ್ಕೂ ರಬ್ಬರ್ ಹತ್ತಿಬಂದಿರುವ ಬೂಟನ್ನೇ ಕೊಳ್ಳಿ. ಇಲ್ಲವಾದರೆ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಒಯ್ದು, ಬೂಟಿನ ಮೂತಿಯಿಂದ ಪಾದದ ಮೇಲಿನವರೆಗೆ ಸೈಕಲ್ ಟೈರಿನ ತುಂಡನ್ನು ಹೊಲಿಸಿಕೊಳ್ಳಿ. ದಾರದ ಗಂಟು ಒಳಬದಿಗೆ ಬರದಂತೆ ನೋಡಿ, ಒಳಗೆ ಮೆತ್ತನೆಯ ಫೋಮ್ ಇರಲಿ. ಸಾಮಾನ್ಯ ರಿಪೇರಿ ಅಂಗಡಿಯಲ್ಲೇ ಆಗುವ ಈ ಕೆಲಸ ಹೊಸ ಬೂಟಿಗಿಂತ ಹೆಚ್ಚು ಬಾಳುತ್ತದೆ.

ಬೂಟಿನ ನಿಜವಾದ ಅಪಾಯ ಸವೆತವಲ್ಲ, ಬಿಗಿತ. ನೋವೇ ತಿಳಿಯದ ಕಾಲಿಗೆ ಪಟ್ಟಿ ಕಚ್ಚಿದರೂ ನಾಯಿ ಗೋಳಾಡುವುದಿಲ್ಲ. ರಕ್ತ ಓಡದೆ ಪಾದ ತಣ್ಣಗಾಗಿ ಕಪ್ಪಾಗುವವರೆಗೆ ಯಾರಿಗೂ ಗೊತ್ತಾಗದೆ ಹೋಗಬಹುದು. ನಡುವಿನ ಎರಡು ಉಗುರುಗಳ ಮೇಲೆ ಕಣ್ಣಿಡಿ. ಅವು ಒಂದಕ್ಕೊಂದು ದೂರ ಸರಿದು ಅಗಲವಾದರೆ ಪಾದ ಊದುತ್ತಿದೆ ಎಂದರ್ಥ, ತಕ್ಷಣ ಬಿಚ್ಚಬೇಕು. ರಬ್ಬರ್ ಬ್ಯಾಂಡ್ ಹಾಕಿ ಬೂಟು ಬಿಗಿಯುವುದನ್ನು ಯಾವತ್ತೂ ಮಾಡಬೇಡಿ. ಒಂದು ಸಲಕ್ಕೆ ಮೂರು ನಾಲ್ಕು ಗಂಟೆ ಸಾಕು. ಬಿಚ್ಚಿ, ಬೆರಳ ಸಂದಿ ಒರೆಸಿ, ಗಾಳಿಗೆ ಬಿಡಿ. ರಾತ್ರಿ ಪೂರ್ತಿ ಬೇಡ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಎರಡು ಬೂಟಿರಬೇಕು, ಒಂದು ಒಣಗುವಾಗ ಇನ್ನೊಂದು. ಒದ್ದೆ ಬೂಟಿನೊಳಗೆ ಸಣ್ಣ ಗಾಯವಿದ್ದು ನೊಣ ಕೂತರೆ ಒಂದೆರಡು ದಿನದಲ್ಲೇ ಹುಳ ಕಾಣಿಸುತ್ತದೆ. ಮಂಡ್ಯದ ಗದ್ದೆ, ಕಾಲುವೆ ಬದಿಯ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಹುಳ ಬಿದ್ದ ಗಾಯಕ್ಕೆ ಟರ್ಪೆಂಟೈನ್ ಸುರಿಯುವ ರೂಢಿಯಿದೆ. ಹುಳ ಹೊರಬರುತ್ತದೆ, ಒಳ್ಳೆಯ ಮಾಂಸವೂ ಸುಡುತ್ತದೆ. ಡಾಕ್ಟರ ಕೈಯಲ್ಲಿ ಚಿಮುಟದಿಂದ ಒಂದೊಂದಾಗಿ ತೆಗೆಸಿ, ಸ್ಪ್ರೇ ಹಾಕಿಸುವುದೇ ಸರಿ.

ಕಾಯುವ ತಿಂಗಳುಗಳಿಗೆ ಬೂಟು ಬೇಕೇ ಬೇಕು. ಆದರೆ ಜೀವನಪೂರ್ತಿ ಇದೊಂದರಲ್ಲೇ ಕಳೆಯುತ್ತೇವೆ ಅನ್ನುವವರು, ಪ್ರತಿದಿನ ನಾಲ್ಕೈದು ಸಲ ಕಾಲು ನೋಡುವ ಒಬ್ಬರು ಮನೆಯಲ್ಲಿ ಇದ್ದಾರೆಯೇ ಎಂದು ಮೊದಲು ಯೋಚಿಸಬೇಕು.

ಪಾದ ಹಿಡಿಯುವ ಪಟ್ಟಿ, ಸ್ಪ್ಲಿಂಟ್: ಸರಿಯಾದ ನಾಯಿಗೆ 5ಕ್ಕೆ 4, ಉಳಿದವಕ್ಕೆ 1

ಈ ಎರಡು ಅಂಕದ ನಡುವಿನ ಅಂತರಕ್ಕೆ ಕಾರಣ ಮೊಣಕೈ. ಮುಂಗಾಲನ್ನು ನೆಟ್ಟಗೆ ನಿಲ್ಲಿಸುವುದು ಮೊಣಕೈ ಚಾಚುವ ಸ್ನಾಯು. ಅದು ಕೆಲಸ ಮಾಡುತ್ತಿದ್ದು, ಮಣಿಕಟ್ಟು ಮಾತ್ರ ಮಡಚುತ್ತಿದ್ದರೆ ನರ ಕೆಳಗೆ ಏಟು ತಿಂದಿದೆ. ಮಣಿಕಟ್ಟಿಗೆ ಸ್ಪ್ಲಿಂಟ್ (ಬಗ್ಗದ ಆಸರೆಪಟ್ಟಿ) ಕೊಟ್ಟರೆ ನಾಯಿ ಆ ಕಾಲೂರಿ ನಡೆಯುತ್ತದೆ. ಮೊಣಕೈಯೇ ಕುಸಿದು ಇಡೀ ಕಾಲು ನೇತಾಡುತ್ತಿದ್ದರೆ ಪಾದವನ್ನು ಎಷ್ಟು ಚೆಂದಕ್ಕೆ ಕಟ್ಟಿದರೂ ಭಾರ ಹೊರುವುದಿಲ್ಲ, ಕಟ್ಟಿದ ವಸ್ತುವಿನ ತೂಕವೂ ಸೇರಿ ನಾಯಿಗೆ ಎರಡರಷ್ಟು ಕಷ್ಟ. ಕೊಳ್ಳುವ ಮೊದಲು ಇದೊಂದನ್ನು ನೋಡಿದರೂ ಅರ್ಧ ದುಡ್ಡು ಉಳಿಯುತ್ತದೆ.

ಹಿಂಗಾಲಿಗೆ ಬರುವ ಎಲಾಸ್ಟಿಕ್ ಪಟ್ಟಿ ಬೆರಳನ್ನು ಮೇಲಕ್ಕೆತ್ತಿ ಹಿಡಿಯುತ್ತದೆ, ಮೊಣಕಾಲು ಗಟ್ಟಿಯಿರುವ ನಾಯಿಗೆ ಇದು ಒಳ್ಳೆಯ ಸಾಧನ. ಮೈಸೂರಿನಲ್ಲಿ ಮನುಷ್ಯರ ಕೃತಕ ಕಾಲು, ಸ್ಪ್ಲಿಂಟ್ ಮಾಡುವವರು ನಾಯಿಗೂ ಅಳತೆ ತೆಗೆದು ಮಾಡಿಕೊಡುವರೇ ಎಂದು ಕೇಳಿ ನೋಡಿ. ಅಳತೆಯನ್ನು ನಾಯಿ ನಿಂತ ಭಂಗಿಯಲ್ಲೇ ತೆಗೆಸಿ, ಮಲಗಿಸಿ ತೆಗೆದ ಅಚ್ಚು ನಿಂತಾಗ ಹೊಂದುವುದಿಲ್ಲ. ಮೊಣಕೈಯ ಗುಬ್ಬಿ, ಮಣಿಕಟ್ಟಿನ ಹಿಂದಿನ ಮೆತ್ತೆ ಇವೆರಡೂ ಒತ್ತಿ ಹುಣ್ಣಾಗುವ ಜಾಗ. ಅಲ್ಲಿ ಹತ್ತಿಯನ್ನು ಗುಬ್ಬಿಯ ಮೇಲೆ ತುಂಬದೆ, ಸುತ್ತ ಬಳೆಯಂತೆ ಸುತ್ತಿ ನಡುವೆ ಜಾಗ ಬಿಡಬೇಕು. ಕ್ರೇಪ್ ಬ್ಯಾಂಡೇಜ್, ಹತ್ತಿ ರೋಲು, ಅಂಟುಪಟ್ಟಿಗೆ ಧನ್ವಂತರಿ ರಸ್ತೆಯ ಔಷಧಿ ಅಂಗಡಿಗಳೇ ಸಾಕು, ಪೆಟ್ ಶಾಪಿನ ಬೆಲೆ ಕೊಡಬೇಕಿಲ್ಲ.

ಪಟ್ಟಿ ಹಾಕಲಿ ಬಿಡಲಿ, ದಿನಕ್ಕೆ ಮೂರು ಸಲ ಬೆರಳು, ಮಣಿಕಟ್ಟು, ಮೊಣಕೈ, ಹೆಗಲು ಒಂದೊಂದು ಕೀಲನ್ನೂ ಹತ್ತು ಹದಿನೈದು ಬಾರಿ ಮೆಲ್ಲಗೆ ಮಡಚಿ ಬಿಡಿಸಬೇಕು. ಇದನ್ನು ಬಿಟ್ಟರೆ ನರ ಚೇತರಿಸಿಕೊಂಡರೂ ಕೀಲು ಸೆಟೆದು ಕಾಲು ಕೆಲಸಕ್ಕೆ ಬಾರದು. ಮಂಕಾದ ನರ ಚೇತರಿಸಿಕೊಳ್ಳುವಾಗ ಜುಮುಗುಟ್ಟಿ, ನಾಯಿ ತನ್ನ ಬೆರಳನ್ನೇ ಕಚ್ಚತೊಡಗುವುದೂ ಉಂಟು. ಬಾಯಿ ಕಾಲಿಗೆ ತಾಗದಂತೆ ಕೊರಳಿಗೆ ಕೋನ್ ಹಾಕಿ, ನರದ ನೋವಿನ ಔಷಧಿ ಗಾಬಪೆಂಟಿನ್ ಬೇಕೇ ಎಂದು ಡಾಕ್ಟರನ್ನು ಕೇಳಿ. ಬೆರಳು ಕಡಿದು ಮೂಳೆ ಕಂಡ ಮೇಲೆ ಕಾಯುವ ಅವಕಾಶ ಹೆಚ್ಚುಕಡಿಮೆ ಮುಗಿದಂತೆ.

ಗಾಲಿಬಂಡಿ: ಒಂದು ಕಾಲಿನ ತೊಂದರೆಗೆ 5ಕ್ಕೆ 2

ಸುಲಭವಾಗಿ ಸಿಗುವ ಬಂಡಿಗಳೆಲ್ಲ ಎರಡು ಹಿಂಗಾಲು ಸೋತ ನಾಯಿಗೆ ಮಾಡಿದವು. ಒಂದೇ ಮುಂಗಾಲು ಹೋದ ನಾಯಿಗೆ ಅವು ಹೊಂದುವುದಿಲ್ಲ. ಮುಂದೆ ಗಾಲಿಯಿರುವ ಬಂಡಿಯನ್ನು ಬೇರೆಯೇ ಮಾಡಿಸಬೇಕು, ಅದರಲ್ಲಿ ತಿರುಗುವುದನ್ನು ಕಲಿಯಲು ಹಳೇ ನಾಯಿಗೆ ಬಹಳ ಕಷ್ಟ. ಒಂದು ಹಿಂಗಾಲು ಹೋಗಿ ಇನ್ನೊಂದರ ಸೊಂಟದ ಕೀಲೂ ಸವೆದಿದ್ದರೆ ಮಾತ್ರ ಬಂಡಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪಿವಿಸಿ ಪೈಪಿನಲ್ಲಿ ಮನೆಯಲ್ಲೇ ಮಾಡುವವರಿಗೆ: ಬೆನ್ನು ನೆಲಕ್ಕೆ ಸಮಾನಾಂತರವಾಗಿರಬೇಕು, ಹಿಂಭಾಗ ಎತ್ತರವಾದರೆ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ತೊಡೆಸಂದಿಯಲ್ಲಿ ಬೆಲ್ಟ್ ಉಜ್ಜುವ ಜಾಗಕ್ಕೆ ಮೆತ್ತೆ ಬೇಕು, ಮೂತ್ರದ ದಾರಿಗೆ ಅಡ್ಡ ಬರಬಾರದು. ಮೊದಮೊದಲು ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ. ಬಂಡಿಯಲ್ಲಿರುವ ನಾಯಿಗೆ ಮಲಗಲು ಆಗುವುದಿಲ್ಲ, ಒಂದನ್ನೇ ಬಿಟ್ಟು ಹೋಗಬಾರದು.

ಆಪರೇಷನ್

ಜನ ಹೆದರುವುದು ಇದಕ್ಕೆ, ಹೆಚ್ಚು ಹೇಳಬೇಕಾದದ್ದೂ ಇದರ ಬಗ್ಗೆಯೇ. ಕಾಲು ಪೂರ್ತಿ ಸ್ವಾಧೀನ ತಪ್ಪಿ ತಿಂಗಳುಗಳಾದ ನಾಯಿ ಆಗಲೇ ಮೂರು ಕಾಲಲ್ಲಿ ಬದುಕುತ್ತಿದೆ, ನಾಲ್ಕನೆಯದನ್ನು ಸುಮ್ಮನೆ ಹೊರುತ್ತಿದೆ. ಅದು ಎಡವಲು, ಮೆಟ್ಟಿಲಲ್ಲಿ ಸಿಕ್ಕಿಕೊಳ್ಳಲು, ಮತ್ತೆ ಮತ್ತೆ ಹುಣ್ಣಾಗಲು ಆ ಕಾಲೇ ಕಾರಣ. ಗಡ್ಡೆಯಾಗಿಯೋ ಅಪಘಾತದಲ್ಲಿಯೋ ಏಕಾಏಕಿ ಕಾಲು ಕಳೆದುಕೊಳ್ಳುವ ನಾಯಿಗಿಂತ ಇಂಥವು ಬೇಗ ಹೊಂದಿಕೊಳ್ಳುತ್ತವೆ. ಸಮತೋಲನವನ್ನು ಮೊದಲೇ ಕಲಿತಿರುತ್ತವೆ.

ಆದರೂ ಲೆಕ್ಕ ಹಾಕಬೇಕು. ನಿಂತ ನಾಯಿಯ ಭಾರದಲ್ಲಿ ಸುಮಾರು 60 ಭಾಗ ಮುಂಗಾಲುಗಳ ಮೇಲೆ, 40 ಭಾಗ ಹಿಂಗಾಲುಗಳ ಮೇಲೆ. ಅಂದರೆ ಒಂದು ಮುಂಗಾಲು 30 ಹೊರುತ್ತದೆ, ಒಂದು ಹಿಂಗಾಲು 20. ಅದಕ್ಕೇ ಹಿಂಗಾಲು ತೆಗೆಸಿದ ನಾಯಿ ಸಲೀಸಾಗಿ ಓಡುತ್ತದೆ, ಮುಂಗಾಲು ತೆಗೆಸಿದ್ದು ತಲೆ ಎತ್ತಿ ಇಳಿಸಿ ಕುಪ್ಪಳಿಸುತ್ತದೆ. ಉಳಿದ ಮುಂಗಾಲಿನ ಮಣಿಕಟ್ಟು, ಮೊಣಕೈ ಎರಡರ ಎಕ್ಸ್‌ರೇ ಆಗಬೇಕು. ಎರಡೂ ಸೊಂಟದ ಕೀಲು, ಹಿಂದಿನ ಮೊಣಕಾಲು, ಬೆನ್ನು ನೋಡಬೇಕು. ತೂಕ ಹೆಚ್ಚಿದ್ದರೆ ಮೊದಲು ಇಳಿಸಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕೆಟ್ಟ ಕಾಲನ್ನು ಮಡಚಿ ಮೈಗೆ ಆತುಕೊಳ್ಳುವಂತೆ ಮೆತ್ತನೆ ಬಟ್ಟೆಯಲ್ಲಿ ಕಟ್ಟಬೇಕು. ಹೇಗೆ ಕಟ್ಟುವುದೆಂದು ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡು, ದಿನಕ್ಕೆ ಒಂದೆರಡು ಗಂಟೆಯಂತೆ ಒಂದು ವಾರ ನೋಡಿ. ಮಲಗಿದ್ದಲ್ಲಿಂದ ತಾನಾಗಿ ಏಳುತ್ತದೆಯೇ? ಮೂತ್ರ, ಮಲ ವಿಸರ್ಜನೆಗೆ ಕೂರುವಾಗ ಬೀಳದೆ ನಿಲ್ಲುತ್ತದೆಯೇ? ಎರಡು ಮೆಟ್ಟಿಲು ಹತ್ತಿ ಇಳಿಯುತ್ತದೆಯೇ? ಹತ್ತು ಹೆಜ್ಜೆಗೇ ಏದುಸಿರು ಬಿಟ್ಟು ಕೂರುತ್ತದೆಯೇ? ಮೊದಲ ಎರಡು ದಿನ ತಬ್ಬಿಬ್ಬಾದರೂ ವಾರದ ಕೊನೆಗೆ ಸಲೀಸಾದರೆ ಧೈರ್ಯವಾಗಿ ಮುಂದುವರಿಯಬಹುದು. ವಾರವಿಡೀ ಏಳಲು ಎತ್ತಿಹಿಡಿಯಲೇಬೇಕಾದರೆ ಆಪರೇಷನ್ ಬೇಡ.

ರಕ್ತಪರೀಕ್ಷೆಯಲ್ಲಿ ಕಿಡ್ನಿ, ಲಿವರ್, ಸಕ್ಕರೆ ಎಲ್ಲರೂ ನೋಡುತ್ತಾರೆ. ನಮ್ಮ ಕಡೆ ಇನ್ನೊಂದನ್ನು ಬಿಡಲೇಬಾರದು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್. ಉಣ್ಣಿಜ್ವರ ಇಲ್ಲಿ ತೀರಾ ಸಾಮಾನ್ಯ, ಹೊರಗೆ ಏನೂ ಕಾಣದೆ ಪ್ಲೇಟ್‌ಲೆಟ್ ಇಳಿದಿರುತ್ತದೆ. ಕಂಕುಳಿನ ದೊಡ್ಡ ರಕ್ತನಾಳದ ಹತ್ತಿರ ಕೆಲಸ ಮಾಡುವಾಗ ಅದು ಪ್ರಾಣಕ್ಕೇ ಸಂಚಕಾರ. ನಾಯಿಗೆ ಸಾಮಾನ್ಯವಾಗಿ ಎರಡು ಲಕ್ಷಕ್ಕಿಂತ ಮೇಲಿರಬೇಕು. ಒಂದು ಲಕ್ಷಕ್ಕಿಂತ ಕೆಳಗಿದ್ದರೆ, ಗಾಜಿನ ಸ್ಲೈಡಿನಲ್ಲಿ ರಕ್ತ ನೋಡಿಸಿ ಖಚಿತ ಮಾಡಿಕೊಂಡು, ಆಪರೇಷನ್ ಮುಂದೂಡಿ. ಉಣ್ಣಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನದ ಕೋರ್ಸು, ಊಟದ ಜೊತೆಗೇ ಕೊಡಬೇಕು. ಹೃದಯದ ಸದ್ದಿನಲ್ಲಿ ಏರುಪೇರಿದ್ದರೆ ಎಕೋ (ಹೃದಯದ ಸ್ಕ್ಯಾನ್) ಆಗದೆ ಅರಿವಳಿಕೆ ಬೇಡ.

ಇನ್ನು ಎಲ್ಲಿ ಮಾಡಿಸುವುದು. ಮೈಸೂರಿನಲ್ಲಿ ಧನ್ವಂತರಿ ರಸ್ತೆಯ ಸರಕಾರಿ ಪಶು ಆಸ್ಪತ್ರೆಯಿದೆ, ಖಾಸಗಿ ಕ್ಲಿನಿಕ್‌ಗಳೂ ಸಾಕಷ್ಟಿವೆ. ಜಟಿಲವಾದದ್ದನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಆಟೋ, ಬೈಕು ಬಿಡುವುದಿಲ್ಲ, ಹಾಗಾಗಿ ಮಂಡ್ಯದಿಂದ ಆಟೋದಲ್ಲಿ ಹೊರಡುವವರು ಸರ್ವಿಸ್ ರಸ್ತೆಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊಸದಾಗಿ ಹೊಲಿಗೆ ಬಿದ್ದ ನಾಯಿಗೆ ಕುಲುಕಾಟ ಒಳ್ಳೆಯದಲ್ಲ, ಕಾರು ಮಾಡಿಕೊಳ್ಳುವುದೇ ಮೇಲು.

ಕ್ಲಿನಿಕ್ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆಗಳು ಒಂದೇ. ಅರಿವಳಿಕೆಗೆ ಐಸೋಫ್ಲುರೇನ್ ಗ್ಯಾಸ್ ಇದೆಯೇ, ಗಂಟಲಿಗೆ ಟ್ಯೂಬ್ ಹಾಕುತ್ತಾರೆಯೇ? ಜೈಲಜೀನ್, ಕೆಟಮಿನ್ ಇಂಜೆಕ್ಷನ್ ಮೇಲೆ ಮಾತ್ರ ಈ ಆಪರೇಷನ್ ಮಾಡುವೆವೆಂದರೆ ಹಳೇ ನಾಯಿಗೆ ನಾವು ಒಪ್ಪುವುದಿಲ್ಲ. ಜೈಲಜೀನ್ ಹೃದಯ ಬಡಿತವನ್ನು ತೀರಾ ಇಳಿಸುತ್ತದೆ, ಮಧ್ಯದಲ್ಲಿ ಏರುಪೇರಾದರೆ ಕೈಯಲ್ಲಿ ಹಿಡಿತವಿರುವುದಿಲ್ಲ. ಆಪರೇಷನ್ ಮಾಡುವವರ ಹೊರತಾಗಿ, ಆಮ್ಲಜನಕ, ನಾಡಿ, ರಕ್ತದೊತ್ತಡ ನೋಡಿಕೊಳ್ಳುವುದಕ್ಕೆಂದೇ ಇನ್ನೊಬ್ಬರು ಇರುತ್ತಾರೆಯೇ? ರಾತ್ರಿ ನಾಯಿಯ ಹತ್ತಿರ ಯಾರಿರುತ್ತಾರೆ? ಬೀಗ ಹಾಕಿ ಹೋಗುವ ಕ್ಲಿನಿಕ್ಕಾದರೆ ಬೇಡ, ಒಳರಕ್ತಸ್ರಾವ ಗೊತ್ತಾಗುವುದು ಆ ಮೊದಲ ರಾತ್ರಿಯಲ್ಲೇ.

ಎಲ್ಲಿಂದ ತೆಗೆಯುತ್ತೀರಿ ಎಂದೂ ಕೇಳಿ. ಮನೆಯವರು ಎಷ್ಟೋ ಸಲ "ಸ್ವಲ್ಪ ಮಾತ್ರ ತೆಗೆಯಿರಿ, ಮೊಣಕೈವರೆಗಾದರೂ ಇರಲಿ" ಎಂದು ಬೇಡಿಕೊಳ್ಳುತ್ತಾರೆ. ಅದು ಕಕ್ಕುಲಾತಿ, ಆದರೆ ನಾಯಿಗೆ ಶಿಕ್ಷೆ. ಉಳಿದ ಮೋಟನ್ನು ನೆಲಕ್ಕೆ ಊರಲು ಹೋಗಿ ಅದು ದಿನವೂ ಗಾಯ ಮಾಡಿಕೊಳ್ಳುತ್ತದೆ. ಮುಂಗಾಲಾದರೆ ಹೆಗಲಮೂಳೆ ಸಮೇತ ತೆಗೆಯುವುದು ವಾಡಿಕೆ. ಹಾಗೆ ಮಾಡಿದರೆ ಮೂಳೆ ಕೊಯ್ಯಬೇಕಿಲ್ಲ, ಸ್ನಾಯು ಸೊರಗಿದ ಮೇಲೆ ಹೆಗಲಮೂಳೆಯ ಏಣು ಚರ್ಮಕ್ಕೆ ಚುಚ್ಚುವುದೂ ಇಲ್ಲ. ಹಿಂಗಾಲಾದರೆ ತೊಡೆಮೂಳೆಯ ಮೇಲಿನ ಭಾಗದಲ್ಲಿ, ಅಥವಾ ತೊಡೆಯ ಕೀಲಿನಿಂದಲೇ. ಗಂಡುನಾಯಿಗೆ ಮೇಲೆ ಸ್ವಲ್ಪ ತೊಡೆ ಉಳಿಸಿದರೆ ವೃಷಣಕ್ಕೆ ಮರೆಯಾಗುತ್ತದೆ. ನರ ಕತ್ತರಿಸುವ ಮೊದಲು ಅದಕ್ಕೆ ಬ್ಯುಪಿವಕೇನ್ ಹಾಕಿ ಮರಗಟ್ಟಿಸುವವರು ಒಳ್ಳೆಯ ಸರ್ಜನ್, ಆಮೇಲಿನ ನೋವು ಅದರಿಂದ ಬಹಳ ತಗ್ಗುತ್ತದೆ. ಗಡ್ಡೆಯ ಶಂಕೆಯಿದ್ದರೆ ತೆಗೆದ ನರದ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿ ಪರೀಕ್ಷೆಗೆ ಕಳಿಸಲು ಮೊದಲೇ ಹೇಳಿಡಿ, ಕಾಲು ವಿಲೇವಾರಿಯಾದ ಮೇಲೆ ಕೇಳಿದರೆ ಏನೂ ಸಿಗದು.

ಬಿಲ್ಲನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ರಕ್ತಪರೀಕ್ಷೆ, ಎಕ್ಸ್‌ರೇ, ಅರಿವಳಿಕೆ, ಸರ್ಜನ್, ಒಳರೋಗಿ ದಿನ, ಔಷಧಿ, ಡ್ರೆಸ್ಸಿಂಗ್. ಒಟ್ಟು ಮೊತ್ತ ಕಡಿಮೆ ಹೇಳಿದ ಕಡೆ ಈ ಪಟ್ಟಿಯಲ್ಲಿ ಯಾವುದು ಬಿಟ್ಟುಹೋಗಿದೆ ನೋಡಿದರೆ ಬಹುಪಾಲು ನೋವಿನ ಔಷಧಿಯೋ ರಾತ್ರಿಯ ನಿಗಾವೋ ಆಗಿರುತ್ತದೆ. ಸರಿಯಾಗಿ ಆರಿಸಿದ ನಾಯಿಗೆ, ಸರಿಯಾದ ಕೈಯಲ್ಲಿ ಆದರೆ ನಾವು ಇದಕ್ಕೆ 5ಕ್ಕೆ ನಾಲ್ಕೂವರೆ ಕೊಡುತ್ತೇವೆ.

ಮನೆಗೆ ಬಂದ ಮೇಲೆ

ಹೆಚ್ಚಿನ ನಾಯಿಗಳು ಮಾರನೇ ದಿನವೇ ಆಸರೆಯಲ್ಲಿ ನಿಲ್ಲುತ್ತವೆ. ಹಿಂಗಾಲು ತೆಗೆದಿದ್ದರೆ ಹೊಟ್ಟೆಯಡಿ ಟವೆಲ್ ಕೊಟ್ಟು ಎತ್ತಿ, ಮುಂಗಾಲಾದರೆ ಎದೆಗೆ ಪಟ್ಟಿ ಕೊಡಿ, ಅದು ಗಾಯಕ್ಕೆ ತಾಗಬಾರದು. ನಮ್ಮ ಮನೆಗಳ ಕಾವಿ ನೆಲ, ಗ್ರಾನೈಟ್, ಟೈಲ್ಸ್ ಮೂರು ಕಾಲಿನ ನಾಯಿಗೆ ದೊಡ್ಡ ಶತ್ರು. ಆಪರೇಷನ್ನಿಗೆ ಮೊದಲೇ ಮಲಗುವ ಜಾಗದಿಂದ ಬಟ್ಟಲು, ಬಾಗಿಲಿನವರೆಗೆ ರಬ್ಬರ್ ಮ್ಯಾಟ್ ಹಾಸಿಡಿ, ಅಂಗಾಲ ಸಂದಿಯ ಕೂದಲು, ಉಗುರು ಕತ್ತರಿಸಿಡಿ. ಮುಂಗಾಲು ಹೋದ ನಾಯಿಗೆ ನೀರು ಊಟದ ಬಟ್ಟಲು ಸ್ವಲ್ಪ ಎತ್ತರದಲ್ಲಿರಲಿ.

ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ. ಗಾಯದ ಕೆಳಭಾಗದಲ್ಲಿ ಮೆತ್ತಗೆ ನೀರು ತುಂಬಿದಂತೆ ಊದಿದರೆ ಹೆದರಬೇಕಿಲ್ಲ, ಬಹುಪಾಲು ತಾನಾಗಿ ಇಂಗುತ್ತದೆ, ಸೂಜಿ ಚುಚ್ಚಿ ಹೀರಲು ಒತ್ತಾಯಿಸಬೇಡಿ. ಊತ ಬಿಸಿಯಾಗಿ, ಕೆಂಪಾಗಿ, ವಾಸನೆ ಬಂದರೆ ಅಥವಾ ಒಸಡು ಬೆಳ್ಳಗಾದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ. ನೋವಿಗೆ ಡಾಕ್ಟರು ಬರೆದದ್ದು ಮಾತ್ರ. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಕೆಡುತ್ತದೆ. ನಾಯಿಗೆ ಬರೆಯುವ ನೋವಿನ ಔಷಧಿ ಮೆಲೋಕ್ಸಿಕಾಂ ಜೊತೆ ಸ್ಟೀರಾಯ್ಡ್ ಸೇರಬಾರದು, ಎರಡು ಬೇರೆ ಡಾಕ್ಟರ ಚೀಟಿ ಇದ್ದಾಗ ಇದನ್ನು ನೀವೇ ನೋಡಿಕೊಳ್ಳಬೇಕು. ಗಾಯ ಒಣಗಿದ ಮೇಲೂ ಇದ್ದಕ್ಕಿದ್ದಂತೆ ಕಿರುಚಿ ಇಲ್ಲದ ಕಾಲಿನ ಕಡೆ ತಿರುಗಿ ನೋಡುತ್ತಿದ್ದರೆ ಅದು ನರದ ನೋವು, ಗಾಬಪೆಂಟಿನ್‌ನಿಂದ ತಗ್ಗುತ್ತದೆ. ಅದನ್ನು ಏಕಾಏಕಿ ನಿಲ್ಲಿಸದೆ ಮೆಲ್ಲಗೆ ಇಳಿಸಬೇಕು.

ಹೊಲಿಗೆ ಬಿಚ್ಚುವುದು 10ರಿಂದ 14ನೇ ದಿನ, ಅಲ್ಲಿಯವರೆಗೆ ಸ್ನಾನವಿಲ್ಲ, ಕೋನ್ ತೆಗೆಯುವಂತಿಲ್ಲ. ನಾಲ್ಕು ವಾರ ಬೆಲ್ಟ್ ಹಾಕಿ ಐದು ಹತ್ತು ನಿಮಿಷದ ನಡಿಗೆ ಮಾತ್ರ. ಆಮೇಲೆ ಜೀವನಪೂರ್ತಿಯ ಕೆಲಸ ಊಟದ ತಟ್ಟೆಯದ್ದು. ಅನ್ನ ಮೊಸರು ತುಂಬಿದ ಬಟ್ಟಲು, ಕಾಫಿ ಹೊತ್ತಿನ ಬಿಸ್ಕೆಟ್, ಎರಡು ಹೊತ್ತು ಮುದ್ದೆ ಇವು ಓಡಾಟ ಕಡಿಮೆಯಾದ ನಾಯಿಯ ಮೈಗೆ ಸೀದಾ ತೂಕವಾಗಿ ಸೇರುತ್ತವೆ. ಅನ್ನ ಇಳಿಸಿ ಬೇಯಿಸಿದ ಕೋಳಿ, ಮೊಟ್ಟೆ, ಕುಂಬಳಕಾಯಿ ಹೆಚ್ಚಿಸಿ, ಕಿಡ್ನಿ ದುರ್ಬಲವಾಗಿದ್ದರೆ ಪ್ರೊಟೀನ್ ಎಷ್ಟೆಂದು ಡಾಕ್ಟರನ್ನು ಕೇಳಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಉಳಿದ ಮುಂಗಾಲಿನ ಮಣಿಕಟ್ಟು ಹಿಂದಕ್ಕೆ ಬಾಗಿ ಅಂಗಾಲು ಚಪ್ಪಟೆಯಾಗತೊಡಗಿದರೆ ಅದು ಸೋಲುತ್ತಿರುವ ಮೊದಲ ಗುರುತು. ಮಂಚ, ಸೋಫಾದಿಂದ ಜಿಗಿಯುವುದನ್ನು ಆಗಲೇ ನಿಲ್ಲಿಸಿ, ಮೆಟ್ಟಿಲಿಗೆ ಇಳಿಜಾರು ಹಲಗೆ ಹಾಕಿ, ಮಣಿಕಟ್ಟಿಗೆ ಆಸರೆ ಪಟ್ಟಿ ಬೇಕೇ ಎಂದು ತೋರಿಸಿ. ಆರು ತಿಂಗಳಿಗೊಮ್ಮೆ ಆ ಕಾಲಿನ ಕೀಲುಗಳನ್ನು ಡಾಕ್ಟರು ಮಡಚಿ ಬಿಡಿಸಿ ನೋಡಲಿ, ಕುಂಟು ಕಂಡರೆ ಎಕ್ಸ್‌ರೇ ಮಾಡಿಸಿ.